ಹಳೆಯ ಅವಳಿ ಎಂಜಿನ್ ಕ್ಯಾಬಿನ್ ಬೋಟು ಕಡಲಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ತಿಳಿಯುವುದು ಹೇಗೆ?

ತೀರದಾಚೆ:

ಸುಮಾರು ಇಪ್ಪತ್ತು ವರ್ಷ ಹಳೆಯದಾದ, ಎರಡು ಡೀಸೆಲ್ ಎಂಜಿನ್‌ಗಳಿರುವ ಫೈಬರ್‌ಗ್ಲಾಸ್ ಕ್ಯಾಬಿನ್ ಬೋಟೊಂದನ್ನು ಕೊಳ್ಳುವ ಯೋಚನೆಯಲ್ಲಿದ್ದೇನೆ. ಉದ್ದ 9.6 ಮೀಟರ್, ಅಗಲ 3.3 ಮೀಟರ್. ಎರಡೂ ಎಂಜಿನ್‌ಗಳು ನೇರ ಶಾಫ್ಟ್‌ಗಳ ಮೂಲಕ ಪ್ರೊಪೆಲ್ಲರ್‌ಗಳನ್ನು ತಿರುಗಿಸುತ್ತವೆ. ಕ್ಯಾಬಿನ್ನಿನ ಮೇಲೆ ಫ್ಲೈಬ್ರಿಜ್ ಇದ್ದು, ಅಲ್ಲಿಂದಲೂ ಚುಕ್ಕಾಣಿ ಹಿಡಿಯಬಹುದು. ತಯಾರಕರ ಹಳೆಯ ಕೈಪಿಡಿಯ ಪ್ರಕಾರ ಹಿಂತುದಿಯಲ್ಲಿ ಡೆಡ್‌ರೈಸ್ ಕೋನ (ತಳ ಪಕ್ಕಕ್ಕೆ ಏರುವ ಕೋನ) 17 ಡಿಗ್ರಿ. ಖಾಲಿ ತೂಕ ಆರು ಟನ್ನಿಗಿಂತ ಸ್ವಲ್ಪ ಹೆಚ್ಚು. ಚುಕ್ಕಾಣಿಯ ಪಕ್ಕದ ಫಲಕದಲ್ಲಿ ವಿನ್ಯಾಸ ವರ್ಗ ‘ಬಿ’ ಎಂದು ನಮೂದಾಗಿದೆ.

ನಾನು ಈ ಬೋಟನ್ನು ಬಳಸಲಿರುವುದು ಮನೆಯವರೊಂದಿಗೆ, ಹಗಲು ಹೊತ್ತಿನಲ್ಲಿ, ತೀರದುದ್ದಕ್ಕೂ 30ರಿಂದ 40 ನಾಟಿಕಲ್ ಮೈಲಿಗಳ ಪಯಣಕ್ಕೆ. ದಾರಿಯಲ್ಲಿ ಅಳಿವೆಯೊಂದನ್ನು ದಾಟಲೇಬೇಕು. ಇಳಿತದ ನೀರು ಹೊರಗೆ ಹರಿಯುವಾಗ ಗಾಳಿ ಕಡಲಿನಿಂದ ಬೀಸಿದರೆ ಅಲ್ಲಿ ಅಲೆಗಳು ಕಡಿದಾಗಿ ಏಳುತ್ತವೆ. ಎಂಜಿನ್ನಿನ ಗಂಟೆಗಳು, ಎಣ್ಣೆಯ ಪರೀಕ್ಷೆ, ತಳದಲ್ಲಿ ಗುಳ್ಳೆ ಎದ್ದಿದೆಯೇ ಎಂಬಂತಹ ವಿಷಯಗಳನ್ನು ಸರ್ವೇಯರ್ ನೋಡಿಕೊಳ್ಳುತ್ತಾರೆ. ನನ್ನನ್ನು ಕಾಡುತ್ತಿರುವ ಪ್ರಶ್ನೆ ಬೇರೆ: ಈ ಬೋಟು ಒರಟು ಕಡಲಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ?

ಈ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಹೊಸದಿದ್ದಾಗ ಬರೆದ ಒಂದು ವಿಮರ್ಶೆಯಲ್ಲಿ ಎದುರು ಅಲೆಯನ್ನು ಮೃದುವಾಗಿ ಸೀಳುತ್ತದೆ ಎಂದಿದೆ. ಅದೇ ಮಾದರಿಯನ್ನು ಹಲವು ವರ್ಷ ಇಟ್ಟುಕೊಂಡಿದ್ದವರೊಬ್ಬರು ಎದುರು ಅಲೆಯಲ್ಲಿ ಹಲ್ಲು ಕಳಚುವಂತೆ ಬಡಿಯುತ್ತದೆ ಎಂದು ಬರೆದಿದ್ದಾರೆ. ಈಗಿನ ಮಾಲೀಕರು ಯಾವ ಅಲೆಗೂ ಹೆದರಬೇಕಿಲ್ಲ ಎನ್ನುತ್ತಾರೆ, ಆದರೆ ಯಾವ ಅಲೆ, ಎಷ್ಟು ವೇಗ, ಎಷ್ಟು ಜನ ಎಂದು ಕೇಳಿದರೆ ಉತ್ತರ ಸ್ಪಷ್ಟವಾಗುವುದಿಲ್ಲ. ಮೂವರೂ ಸುಳ್ಳು ಹೇಳುತ್ತಿಲ್ಲ ಎಂದೇ ನನ್ನ ನಂಬಿಕೆ; ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬಂತು?

ನನಗೆ ಎರಡು ಗಂಟೆಗಳ ಕಡಲ ಓಟಕ್ಕೆ ಮಾತ್ರ ಒಪ್ಪಿಗೆ ಸಿಕ್ಕಿದೆ. ವರ್ಗ ‘ಬಿ’ ಎಂಬುದನ್ನು ಎಷ್ಟರಮಟ್ಟಿಗೆ ನಂಬಬಹುದು, ಆ 17 ಡಿಗ್ರಿ ನನಗೆ ಏನನ್ನು ಹೇಳುತ್ತದೆ, ಒಂದು ಎಂಜಿನ್ ನಿಂತುಹೋದರೆ ಬೋಟು ಏನು ಮಾಡುತ್ತದೆ ಮತ್ತು ಆ ಎರಡು ಗಂಟೆಗಳನ್ನು ಹೇಗೆ ಬಳಸಬೇಕು ಎಂಬುದನ್ನು ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ.

ಒಡಲರೇಖೆ:

ಮೊದಲು ಫಲಕದ ವಿಷಯ. ಯುರೋಪಿನ ನಿಯಮದಂತೆ ವರ್ಗ ‘ಬಿ’ ಎಂದರೆ ಗಾಳಿಯ ಬಲವನ್ನು ಹೇಳುವ ಬ್ಯೂಫೋರ್ಟ್ ಮಾಪನದ 8ರವರೆಗಿನ ಗಾಳಿ ಮತ್ತು 4 ಮೀಟರ್‌ವರೆಗಿನ ಸಾರ್ಥಕ ಅಲೆಯೆತ್ತರಕ್ಕೆ ವಿನ್ಯಾಸಗೊಂಡ ಬೋಟು. ‘ಸಿ’ ಎಂದರೆ 6ರವರೆಗಿನ ಗಾಳಿ, 2 ಮೀಟರ್‌ವರೆಗಿನ ಅಲೆ. ನಿಮ್ಮ ಬೋಟಿನ ವಯಸ್ಸು ನೋಡಿದರೆ ಅದು 1994ರ ನಿರ್ದೇಶನದಡಿ ಬಂದಿರಬೇಕು. 2013ರ ಹೊಸ ನಿರ್ದೇಶನ ಅದರ ಜಾಗಕ್ಕೆ ಬಂದದ್ದು ಆಮೇಲೆ. ಈ ವರ್ಗವನ್ನು ನಿರ್ಧರಿಸುವಾಗ ನೋಡುವುದು ಬೋಟು ಮಗುಚದಿರುವುದನ್ನು, ಅದರೊಳಗೆ ನೀರು ನುಗ್ಗದಿರುವುದನ್ನು: ಬಾಗಿಲು, ಕಿಂಡಿಗಳು ನೀರಿನ ಮಟ್ಟದಿಂದ ಎಷ್ಟು ಮೇಲಿವೆ, ಜನರೆಲ್ಲ ಒಂದೇ ಪಕ್ಕಕ್ಕೆ ಬಂದರೆ ಎಷ್ಟು ವಾಲುತ್ತದೆ, ಗಾಳಿ ಮತ್ತು ಅಲೆ ಒಟ್ಟಿಗೆ ತಳ್ಳಿದಾಗ ಮತ್ತೆ ನೇರವಾಗುತ್ತದೆಯೇ ಎಂಬಂತಹ ವಿಷಯಗಳು. ಎದುರು ಅಲೆಯಲ್ಲಿ ನಿಮ್ಮ ಬೆನ್ನುಮೂಳೆಗೆ ಎಷ್ಟು ಪೆಟ್ಟು ಬೀಳುತ್ತದೆ, ಹಿಂದಿನಿಂದ ಬರುವ ಅಲೆಯಲ್ಲಿ ಚುಕ್ಕಾಣಿ ಮಾತು ಕೇಳುತ್ತದೆಯೇ ಎಂಬುದರ ಬಗ್ಗೆ ಆ ಅಕ್ಷರ ಏನನ್ನೂ ಹೇಳುವುದಿಲ್ಲ. ಫಲಕದಲ್ಲಿ ಆ ಅಕ್ಷರದ ಜೊತೆಗೇ ಗರಿಷ್ಠ ಜನಸಂಖ್ಯೆ ಮತ್ತು ಗರಿಷ್ಠ ಹೊರೆ ಇರುತ್ತವೆ, ಅವನ್ನೂ ಓದಿಕೊಳ್ಳಿ. ಎಂಟು ಜನರಿಗೆ ‘ಬಿ’ ಆಗಿರುವ ಬೋಟು ಹತ್ತು ಜನರಿಗೆ ‘ಸಿ’ ಆಗಿರಬಹುದು.

ಸಾರ್ಥಕ ಅಲೆಯೆತ್ತರ ಎಂಬುದು ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಭಾಗದ ಸರಾಸರಿ. ಕೆಲವು ಗಂಟೆ ಅದೇ ಕಡಲಿನಲ್ಲಿದ್ದರೆ ಅದರ ಸುಮಾರು ಎರಡರಷ್ಟು ಎತ್ತರದ ಒಂಟಿ ಅಲೆ ಎದುರಾಗುವುದು ಸಹಜ. ಮುನ್ಸೂಚನೆಯಲ್ಲಿ ಒಂದೂವರೆ ಮೀಟರ್ ಎಂದು ಓದಿದಾಗ ಈ ಲೆಕ್ಕ ನೆನಪಿರಲಿ.

ಇನ್ನು ಡೆಡ್‌ರೈಸ್. ತಳದ ಎರಡು ಮುಖಗಳು ನಡುಗೆರೆಯಿಂದ ಪಕ್ಕಕ್ಕೆ ಏರುವ ಕೋನವದು. ಹಿಂತುದಿಯವರೆಗೂ ಸುಮಾರು 24 ಡಿಗ್ರಿಯ ಆಳವಾದ ವಿ ಆಕಾರವನ್ನು ಉಳಿಸಿಕೊಂಡ ತಳವನ್ನು ಬೋಟು ವಿನ್ಯಾಸಕ ರೇ ಹಂಟ್ ರೂಪಿಸಿದರು. 1960ರ ಮಯಾಮಿ–ನಸ್ಸಾವು ಓಟದಲ್ಲಿ ಡಿಕ್ ಬರ್ಟ್ರಮ್ ಅವರ ‘ಮೋಪಿ’ ಎಂಬ ಬೋಟು ಒರಟು ಕಡಲಿನಲ್ಲಿ ಗೆದ್ದ ಮೇಲೆ ಆ ಆಕಾರ ಎಲ್ಲೆಡೆ ಹರಡಿತು. ಅಂದಿನಿಂದ ಕೊಳ್ಳುವವರು ಈ ಒಂದೇ ಸಂಖ್ಯೆಯ ಬೆನ್ನು ಹತ್ತಿದ್ದಾರೆ. ಅದು ತಪ್ಪಲ್ಲ, ಆದರೆ ಅಪೂರ್ಣ.

ಡೇನಿಯಲ್ ಸವಿಟ್ಸ್ಕಿ ಮತ್ತು ಬ್ರೌನ್ 1976ರಲ್ಲಿ ಪ್ರಕಟಿಸಿದ ಸೂತ್ರ ಈ ವಿಷಯವನ್ನು ಚೆನ್ನಾಗಿ ಬಿಡಿಸಿ ತೋರಿಸುತ್ತದೆ. ನೀರಿನ ಮೇಲೆದ್ದು ಜಾರುವ ಬೋಟು ಅಲೆಗೆ ಬಡಿದಾಗ ಅದರ ಗುರುತ್ವಕೇಂದ್ರದಲ್ಲಿ ಉಂಟಾಗುವ ಸರಾಸರಿ ಪೆಟ್ಟು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಮೂತಿ ಎಷ್ಟು ಡಿಗ್ರಿ ಮೇಲೆತ್ತಿಕೊಂಡು ಓಡುತ್ತಿದೆ ಎಂಬುದಕ್ಕೆ ನೇರ ಅನುಪಾತದಲ್ಲಿ ಏರುತ್ತದೆ. ಡೆಡ್‌ರೈಸ್ ಹೆಚ್ಚಿದಂತೆ ಇಳಿಯುತ್ತದೆ. ನಿಮ್ಮ 17 ಡಿಗ್ರಿಯ ಬದಲು 20 ಡಿಗ್ರಿಯ ತಳವಿದ್ದಿದ್ದರೆ ಪೆಟ್ಟು ಶೇಕಡಾ 9ರಷ್ಟು ಕಡಿಮೆಯಾಗುತ್ತಿತ್ತು. ಅದೇ 17 ಡಿಗ್ರಿಯ ಬೋಟನ್ನು 22 ನಾಟ್‌ನಿಂದ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) 16 ನಾಟ್‌ಗೆ ಇಳಿಸಿದರೆ ಪೆಟ್ಟು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಓಡುವಾಗಿನ ಮೂತಿಯ ಎತ್ತರ 6 ಡಿಗ್ರಿಯಿಂದ 4ಕ್ಕೆ ಇಳಿದರೆ ಮೂರನೇ ಒಂದು ಭಾಗ ಹೋಗುತ್ತದೆ. ನೀವು ಓದಿದ ಎರಡು ಅಭಿಪ್ರಾಯಗಳ ವ್ಯತ್ಯಾಸಕ್ಕೆ ಕಾರಣ ಬಹುಮಟ್ಟಿಗೆ ಇಲ್ಲೇ ಇದೆ ಎನ್ನಿಸುತ್ತದೆ: ಒಬ್ಬರು ಖಾಲಿ ಬೋಟನ್ನು ಟ್ರಿಮ್ ಟ್ಯಾಬ್ (ಮೂತಿ ತಗ್ಗಿಸಲು ಹಿಂತುದಿಯಲ್ಲಿರುವ ಏರಿಳಿಯುವ ಹಲಗೆ) ಇಳಿಸಿಕೊಂಡು ಓಡಿಸಿದರು, ಇನ್ನೊಬ್ಬರು ಹತ್ತು ವರ್ಷ ಸಾಮಾನು ತುಂಬಿಕೊಂಡ ಬೋಟನ್ನು ಮೂತಿಯೆತ್ತಿಕೊಂಡು ಓಡಿಸಿದರು.

ಆದ್ದರಿಂದ ನನ್ನ ಮುಖ್ಯ ಮಾತು ಇದು: ವಿಮರ್ಶೆ ಬರೆದವರು ಕಂಡ ಬೋಟನ್ನು ನೀವು ಕೊಳ್ಳುತ್ತಿಲ್ಲ. ಇಪ್ಪತ್ತು ವರ್ಷಗಳಲ್ಲಿ ಅದರೊಳಗೆ ಜನರೇಟರ್, ಹೆಚ್ಚುವರಿ ಬ್ಯಾಟರಿ, ಹಿಂಭಾಗದ ಮೆಟ್ಟಿಲ ಮೇಲೊಂದು ರಬ್ಬರ್ ದೋಣಿ, ಫ್ಲೈಬ್ರಿಜ್ ಮೇಲೊಂದು ಗಟ್ಟಿ ಚಾವಣಿ ಸೇರಿರಬಹುದು; ತಳದೊಳಗಿನ ಫೋಮ್ ಅಥವಾ ಡೆಕ್ಕಿನ ಮರದ ತಿರುಳು ನೀರು ಕುಡಿದಿರಬಹುದು. ಕಡಲಿಗಿಳಿಯುವ ಮೊದಲೇ ಇದನ್ನು ತಿಳಿಯಲು ದಾರಿಯಿದೆ. ಬೋಟು ಕಟ್ಟಿರುವಲ್ಲಿಗೆ ಹೋಗಿ, ತಳಕ್ಕೆ ಬಳಿದ ಬಣ್ಣದ ಮೇಲಂಚನ್ನೂ ಅದರ ಮೇಲೆ ಹಸಿರು ಪಾಚಿ ಎಲ್ಲಿಯವರೆಗೆ ಹತ್ತಿದೆ ಎಂಬುದನ್ನೂ ನಾಲ್ಕು ಮೂಲೆಗಳಲ್ಲಿ ಅಳೆಯಿರಿ. ಆ ಪಾಚಿಯ ಗೆರೆ ಬೋಟು ದಿನವೂ ಕೂರುವ ನಿಜವಾದ ಮಟ್ಟ. ಈ ಅಳತೆಯ ಬೋಟಿನಲ್ಲಿ ನೀರಿನ ಮಟ್ಟದ ವಿಸ್ತೀರ್ಣ ಸುಮಾರು 20 ಚದರ ಮೀಟರ್ ಇರುತ್ತದೆ, ಹಾಗಾಗಿ ಒಂದು ಸೆಂಟಿಮೀಟರ್ ಮುಳುಗಿದರೆ ಅಂದಾಜು 200 ಕಿಲೋ ಸೇರಿದೆ ಎಂದರ್ಥ. ಐದು ಸೆಂಟಿಮೀಟರ್ ಎಂದರೆ ಒಂದು ಟನ್. ಕೆಲವರು ಬಣ್ಣದ ಅಂಚನ್ನೇ ಮೇಲಕ್ಕೆ ಏರಿಸಿಬಿಟ್ಟಿರುತ್ತಾರೆ. ಹಳೆಯ ಗೆರೆಯ ಗುರುತು ಬಣ್ಣದಡಿಯಲ್ಲಿ ಬೆರಳಿಗೆ ಸಿಗುತ್ತದೆಯೇ ನೋಡಿ.

ಎರಡನೆಯದಾಗಿ ತೂಗಾಟದ ಅವಧಿ. ಹಗ್ಗಗಳನ್ನು ಸಡಿಲಿಸಿ, ಬೋಟಿನ ಒಂದಂಚಿನಲ್ಲಿ ನಿಂತು ಲಯಬದ್ಧವಾಗಿ ಒತ್ತಿ ತೂಗಿಸಿ, ಕೈಬಿಟ್ಟು, ಕೆಲವು ತೂಗುಗಳ ಕಾಲವನ್ನು ಎಣಿಸಿ ಒಂದು ತೂಗಿನ ಸರಾಸರಿ ತೆಗೆಯಿರಿ. ನಾಲ್ವರನ್ನು ಫ್ಲೈಬ್ರಿಜ್ ಮೇಲೆ ಕೂರಿಸಿ ಮತ್ತೊಮ್ಮೆ ಮಾಡಿ. ಅವಧಿ ಎಷ್ಟು ಎನ್ನುವುದಕ್ಕಿಂತ ಎಷ್ಟು ಬದಲಾಯಿತು ಎನ್ನುವುದು ಹೆಚ್ಚು ಹೇಳುತ್ತದೆ.

ಎರಡನೆಯ ಎಂಜಿನ್:

ನನ್ನ ಬಳಿ ಹದಿನಾಲ್ಕು ವರ್ಷಗಳಿಂದ ಇಂತಹದೇ ಅವಳಿ ಶಾಫ್ಟಿನ ಬೋಟಿದೆ. ಎರಡು ಎಂಜಿನ್ ಇದ್ದರೆ ಒಂದು ಕೆಟ್ಟರೂ ಇನ್ನೊಂದು ಮನೆಗೆ ತಲುಪಿಸುತ್ತದೆ ಎಂಬ ನಂಬಿಕೆಯಿಂದಲೇ ನಾನೂ ಕೊಂಡೆ. ಆ ನಂಬಿಕೆ ಯಾವಾಗ ನಿಜ, ಯಾವಾಗ ಅಲ್ಲ ಎಂಬುದನ್ನು ಮೂರನೆಯ ವರ್ಷ ಕಲಿತೆ.

ಅಂದು ಒಂದೂವರೆ ಮೀಟರ್‌ನಷ್ಟು ಅಲೆ, ಹಿಂಭಾಗದಿಂದ ಓರೆಯಾಗಿ ಬರುತ್ತಿತ್ತು. ತೀರ ಎಂಟು ಮೈಲಿ ದೂರ. ಎಡಗಡೆಯ ಎಂಜಿನ್ನಿನ ಸುತ್ತು ಮೊದಲು 200ರಷ್ಟು ಇಳಿಯಿತು, ಮತ್ತೆ ಏರಿತು, ಮತ್ತೆ ಇಳಿದು ನಿಂತೇಹೋಯಿತು. ಹತ್ತು ನಿಮಿಷದ ಒಳಗೆ ಬಲಗಡೆಯದೂ ಅದೇ ರೀತಿ ಏದುಸಿರು ಬಿಡತೊಡಗಿತು. ಹ್ಯಾಚ್ ತೆರೆದು ಟಾರ್ಚ್ ಹಿಡಿದಾಗ ಇಂಧನ ಫಿಲ್ಟರಿನ ಗಾಜಿನ ಬಟ್ಟಲಿನಲ್ಲಿ ಕಾಫಿಯ ಗಸಿಯಂತಹ ಕಪ್ಪು ಮಡ್ಡಿ ಅರ್ಧಕ್ಕೆ ನಿಂತಿತ್ತು. ಟ್ಯಾಂಕಿನ ತಳದಲ್ಲಿ ವರ್ಷಗಳಿಂದ ಕೂತಿದ್ದ ಕಸವನ್ನು ಅಲೆ ಕಲಕಿತ್ತು. ಎರಡು ಎಂಜಿನ್‌ಗಳೂ ಕುಡಿಯುತ್ತಿದ್ದದ್ದು ಒಂದೇ ಟ್ಯಾಂಕಿನಿಂದ. ಅಂದರೆ ಇಂಧನದ ಮಟ್ಟಿಗೆ ನನ್ನ ಬಳಿ ಇದ್ದದ್ದು ಒಂದೇ ಎಂಜಿನ್. ಬಿಡಿ ಫಿಲ್ಟರ್‌ಗಳಿದ್ದವು, ವಾಲಾಡುವ ಬೋಟಿನಲ್ಲಿ ಮಂಡಿಯೂರಿ ಬದಲಿಸಿದೆ, ಮನೆ ತಲುಪಿದೆವು. ಶಾಂತ ನೀರಿನಲ್ಲಿ ಆ ಬೋಟು ಒಮ್ಮೆಯೂ ತೊಂದರೆ ಕೊಟ್ಟಿರಲಿಲ್ಲ ಎಂಬುದನ್ನು ಗಮನಿಸಿ. ಬಂದರಿನೊಳಗೆ ಓಡಿಸಿ ನೋಡುವ ಪರೀಕ್ಷೆಯಲ್ಲಿ ಈ ದೋಷ ಎಂದಿಗೂ ಕಾಣಿಸುವುದಿಲ್ಲ.

ಆದ್ದರಿಂದ ಟ್ಯಾಂಕ್‌ಗಳು ಎಷ್ಟು, ನಡುವಿನ ಕವಾಟ ಎಲ್ಲಿದೆ, ಅದು ತಿರುಗುತ್ತದೆಯೇ ಅಥವಾ ತುಕ್ಕು ಹಿಡಿದು ತೆರೆದ ಸ್ಥಿತಿಯಲ್ಲೇ ಬಿಗಿದುಕೊಂಡಿದೆಯೇ, ಟ್ಯಾಂಕಿನೊಳಕ್ಕೆ ಇಣುಕಲು ಮುಚ್ಚಳವಿದೆಯೇ ಎಂಬುದನ್ನು ನೋಡಿ. ಓಟಕ್ಕೆ ಮೊದಲು ಫಿಲ್ಟರಿನ ಬಟ್ಟಲನ್ನು ಫೋಟೋ ತೆಗೆದುಕೊಳ್ಳಿ, ಒರಟು ನೀರಿನಲ್ಲಿ ಓಡಿಸಿದ ಮೇಲೆ ಮತ್ತೆ ತೆಗೆದು ಹೋಲಿಸಿ.

ಒಂದೇ ಎಂಜಿನ್ನಿನ ಓಟದ ಬಗ್ಗೆ: ಇಷ್ಟು ತೂಕದ ಬೋಟು ಒಂದು ಎಂಜಿನ್ನಿನಲ್ಲಿ ನೀರಿನ ಮೇಲೇಳುವುದಿಲ್ಲ ಎಂದೇ ಎಣಿಸಿ. ನಿಮ್ಮದರ ನೀರಿನ ಗೆರೆಯ ಉದ್ದ 8.5 ಮೀಟರ್ ಎಂದಿಟ್ಟುಕೊಂಡರೆ, ನೀರನ್ನು ಸೀಳಿಕೊಂಡು ಹೋಗುವ ಬೋಟಿನ ಸಹಜ ಮಿತಿ 7 ನಾಟ್‌ನ ಆಸುಪಾಸಿನಲ್ಲಿ ಬರುತ್ತದೆ. ಅಲ್ಲಿಯೇ ತೃಪ್ತಿಪಟ್ಟುಕೊಳ್ಳಬೇಕು, ಹೆಚ್ಚು ಒತ್ತಿದರೆ ಎಂಜಿನ್ ಮೇಲೆ ಹೊರೆ ಬೀಳುತ್ತದೆಯೇ ಹೊರತು ವೇಗ ಬರುವುದಿಲ್ಲ. ತಳ್ಳುವ ಬಲ ಒಂದೇ ಪಕ್ಕದಲ್ಲಿರುವುದರಿಂದ ಚುಕ್ಕಾಣಿಯನ್ನು ಸದಾ ಒಂದು ಕಡೆಗೆ ಹಿಡಿದಿರಬೇಕು. ಹಾಗೆ ಹಿಡಿದ ಮೇಲೆ ಅದೇ ದಿಕ್ಕಿಗೆ ತಿರುಗಿಸಲು ಇನ್ನೆಷ್ಟು ಉಳಿದಿರುತ್ತದೆ ಎಂಬುದೇ ಅಳಿವೆಯಲ್ಲಿ ನಿಮ್ಮ ಕ್ಷೇಮವನ್ನು ನಿರ್ಧರಿಸುತ್ತದೆ.

ಇನ್ನೆರಡು ಸಣ್ಣ ಆದರೆ ದುಬಾರಿ ಸಂಗತಿಗಳಿವೆ. ನಿಂತ ಎಂಜಿನ್ನಿನ ಪ್ರೊಪೆಲ್ಲರ್ ನೀರಿನ ಹರಿವಿಗೆ ತಾನಾಗಿ ತಿರುಗುತ್ತಿರುತ್ತದೆ. ಕೆಲವು ಗೇರ್‌ಬಾಕ್ಸ್‌ಗಳಲ್ಲಿ ಎಣ್ಣೆಯ ಪಂಪು ಎಂಜಿನ್ನಿನ ಕಡೆಯಿಂದ ನಡೆಯುವುದರಿಂದ, ಹಾಗೆ ಗಂಟೆಗಟ್ಟಲೆ ತಿರುಗಿದರೆ ಒಳಭಾಗ ಎಣ್ಣೆಯಿಲ್ಲದೆ ಸವೆಯುತ್ತದೆ. ಶಾಫ್ಟನ್ನು ಕಟ್ಟಿಡಬೇಕೇ ಬೇಡವೇ ಎಂಬುದನ್ನು ಆ ಗೇರ್‌ಬಾಕ್ಸಿನ ಕೈಪಿಡಿಯಲ್ಲಿ ನೋಡಿಕೊಳ್ಳಿ. ಶಾಫ್ಟ್ ಹೊರಹೋಗುವಲ್ಲಿ ತೊಟ್ಟಿಕ್ಕದ ಬಗೆಯ ಸೀಲ್ ಇದ್ದರೆ, ಅದನ್ನು ತಂಪಾಗಿಡುವ ನೀರು ಸಾಮಾನ್ಯವಾಗಿ ಅದೇ ಬದಿಯ ಎಂಜಿನ್ನಿನಿಂದ ಬರುತ್ತದೆ. ಎರಡೂ ಬದಿಗಳನ್ನು ಜೋಡಿಸುವ ಅಡ್ಡ ಕೊಳವೆ ಇಲ್ಲದಿದ್ದರೆ ನಿಂತ ಬದಿಯ ಸೀಲ್ ಒಣಗಿ ಬಿಸಿಯಾಗುತ್ತದೆ.

ತೀರದಾಚೆ:

ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ಹೋಗಿ ಅಳೆದು ಬಂದೆ. ಮೂತಿಯ ಬಳಿ ಪಾಚಿಯ ಗೆರೆ ಬಣ್ಣದ ಅಂಚಿಗೆ ಸರಿಯಾಗಿದೆ. ಹಿಂತುದಿಯಲ್ಲಿ ಎಡಕ್ಕೆ 6, ಬಲಕ್ಕೆ 7 ಸೆಂಟಿಮೀಟರ್ ಮೇಲಿದೆ. ಹಿಂಭಾಗದ ಮೆಟ್ಟಿಲ ಮೇಲೆ ಎಂಜಿನ್ ಸಹಿತ ರಬ್ಬರ್ ದೋಣಿ ಇದೆ. ಎಂಜಿನ್‌ಗಳ ಹಿಂದೆ, ಬಲಬದಿಯಲ್ಲಿ ಜನರೇಟರ್ ಇದೆ. ಮೂಲ ನಕ್ಷೆಯಲ್ಲಿ ಅದಿಲ್ಲ. ತೂಗಾಟದ ಅವಧಿ ಖಾಲಿಯಿದ್ದಾಗ 3.1 ಸೆಕೆಂಡ್, ನಾಲ್ವರು ಫ್ಲೈಬ್ರಿಜ್ ಮೇಲಿದ್ದಾಗ 3.5 ಸೆಕೆಂಡ್ ಬಂತು. ಇಂಧನದ ಟ್ಯಾಂಕುಗಳು ಎರಡು, ನಡುವೆ ಕವಾಟವಿದೆ, ತಿರುಗುತ್ತದೆ. ಸೀಲ್‌ಗಳ ನಡುವೆ ಅಡ್ಡ ಕೊಳವೆ ಕಾಣಲಿಲ್ಲ.

ಒಡಲರೇಖೆ:

ತೂಗಾಟದ ಅಂಕಿಗಳು ಕಳವಳ ಹುಟ್ಟಿಸುವಂತಿಲ್ಲ. ಅವಧಿಯನ್ನು 0.8ರ ಗುಣಾಂಕ ಮತ್ತು ಬೋಟಿನ ಅಗಲದೊಂದಿಗೆ ಸೇರಿಸುವ ಒರಟು ಸೂತ್ರದಂತೆ, 3.1 ಸೆಕೆಂಡ್ ಎಂದರೆ ಮೆಟಾಸೆಂಟ್ರಿಕ್ ಎತ್ತರ, ಅಂದರೆ ವಾಲಿದ ಬೋಟು ಮತ್ತೆ ನೇರವಾಗುವ ಸ್ಥಿರತೆಯ ಅಳತೆ, ಸುಮಾರು 0.7 ಮೀಟರ್. ಜನ ಮೇಲೇರಿದಾಗ ಅವಧಿ ಉದ್ದವಾದದ್ದಕ್ಕೆ ಸ್ಥಿರತೆ ಇಳಿದದ್ದು ಒಂದು ಕಾರಣ, ತೂಕ ನಡುವಿನಿಂದ ದೂರ ಸರಿದು ಜಡತ್ವ ಹೆಚ್ಚಿದ್ದು ಇನ್ನೊಂದು ಕಾರಣ. ಎಲ್ಲವನ್ನೂ ಸ್ಥಿರತೆಯ ನಷ್ಟವೆಂದು ಓದಬೇಡಿ. ಆದರೂ ಪಕ್ಕದ ಅಲೆಯಿರುವಾಗ ಮೇಲೆ ನಾಲ್ವರು ಬೇಡ, ಇಬ್ಬರು ಸಾಕು.

ನನಗೆ ಚಿಂತೆ ತರುವುದು ಹಿಂತುದಿಯ ಆ ಆರೇಳು ಸೆಂಟಿಮೀಟರ್. ಸರಾಸರಿ ಮೂರು ಸೆಂಟಿಮೀಟರ್ ಎಂದರೆ 600 ಕಿಲೋ ಆಯಿತು, ಅದೂ ಬಹುಪಾಲು ತೀರಾ ಹಿಂದೆ. ಇದರ ಪರಿಣಾಮ ಕಟ್ಟಿಹಾಕಿದ ಬೋಟಿನಲ್ಲಿ ಕಾಣುವುದಿಲ್ಲ. ಓಡುವಾಗ ಕಾಣುವುದು ಹೀಗೆ: ನೀರಿನ ಮೇಲೆ ಜಾರುವ ಸ್ಥಿತಿಯಲ್ಲಿ ಉಳಿಯಲು ಬೇಕಾದ ಅತಿ ಕಡಿಮೆ ವೇಗ ಏರಿಬಿಡುತ್ತದೆ. ನಿಮ್ಮ ಪರೀಕ್ಷೆಯಲ್ಲಿ ಗರಿಷ್ಠ ವೇಗಕ್ಕಿಂತ ಈ ಕನಿಷ್ಠ ವೇಗವೇ ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯವಾದ ಅಂಕಿ. ಅದು 13 ನಾಟ್ ಆಗಿದ್ದರೆ ಎದುರು ಅಲೆಯಲ್ಲಿ 14ಕ್ಕೆ ಇಳಿದು, ಮೂತಿ ತಗ್ಗಿಸಿ, ಬಡಿತವಿಲ್ಲದೆ ಮುಂದುವರಿಯಬಹುದು. ಅದು 17 ಆಗಿದ್ದರೆ ನಿಮಗೆ ಉಳಿಯುವುದು ಎರಡೇ ದಾರಿ: 17ರಲ್ಲಿ ಬಡಿಸಿಕೊಳ್ಳುವುದು ಅಥವಾ 8ಕ್ಕೆ ಬಿದ್ದು ಮೂತಿಯೆತ್ತಿಕೊಂಡು ಹೊರಳಾಡುವುದು. ನಡುವಿನ ವೇಗಗಳೇ ಒರಟು ಕಡಲಿನಲ್ಲಿ ಬೇಕಾದವು, ಹಿಂಭಾರದ ಬೋಟು ಅವನ್ನೇ ಕಳೆದುಕೊಂಡಿರುತ್ತದೆ.

ಅಳಿವೆದಾರಿ:

ಎರಡು ಗಂಟೆ ಸಾಕು, ಆದರೆ ದಿನವನ್ನು ನೀವೇ ಆರಿಸಿಕೊಳ್ಳಬೇಕು. ಬ್ಯೂಫೋರ್ಟ್ 4, ಅಂದರೆ 11ರಿಂದ 16 ನಾಟ್ ಗಾಳಿ, ಸುಮಾರು ಒಂದು ಮೀಟರ್ ಅಲೆ ಇರುವ ದಿನ ಒಳ್ಳೆಯದು. ಕನ್ನಡಿಯಂತಹ ನೀರಿನಲ್ಲಿ ಓಡಿಸಿದರೆ ಎಂಜಿನ್ನಿನ ಪರೀಕ್ಷೆಯಾಗುತ್ತದೆ, ಬೋಟಿನ ಪರೀಕ್ಷೆಯಾಗುವುದಿಲ್ಲ. ಮಾಲೀಕರು ಶಾಂತವಾದ ಬೆಳಗನ್ನೇ ಸೂಚಿಸಿದರೆ ವಿನಯದಿಂದ ನಿರಾಕರಿಸಿ.

ಇಂಧನ ಮತ್ತು ನೀರಿನ ಟ್ಯಾಂಕ್ ಎಷ್ಟು ತುಂಬಿವೆ, ಎಷ್ಟು ಜನರಿದ್ದಾರೆ ಎಂಬುದನ್ನು ಹೊರಡುವ ಮೊದಲು ಬರೆದುಕೊಳ್ಳಿ. ಎದುರು ಅಲೆ, ಮುಂದಿನ ಓರೆ, ನೇರ ಪಕ್ಕ, ಹಿಂದಿನ ಓರೆ, ನೇರ ಹಿಂಬದಿ ಹೀಗೆ ಒಂದೊಂದು ದಿಕ್ಕಿನಲ್ಲೂ ಕೆಲವು ನಿಮಿಷ ಓಡಿಸಿ, ಜಿಪಿಎಸ್ ವೇಗವನ್ನೂ ಎಂಜಿನ್ ಸುತ್ತುಗಳನ್ನೂ ಟ್ಯಾಬ್‌ಗಳ ಸ್ಥಾನವನ್ನೂ ಗುರುತಿಸಿಕೊಳ್ಳಿ. ಎದುರು ಅಲೆಯಲ್ಲಿ ಟ್ಯಾಬ್ ಇಳಿಸಿ ಮೂತಿ ತಗ್ಗಿಸಬೇಕು. ಹಿಂದಿನಿಂದ ಅಲೆ ಬರುವಾಗ ಟ್ಯಾಬ್‌ಗಳನ್ನು ಪೂರ್ತಿ ಎತ್ತಿಬಿಡಬೇಕು, ಇಲ್ಲದಿದ್ದರೆ ಮೂತಿ ಮುಂದಿನ ಅಲೆಯ ಬೆನ್ನಿಗೆ ಚುಚ್ಚಿಕೊಂಡು ಅದೇ ಚುಕ್ಕಾಣಿಯಾಗಿಬಿಡುತ್ತದೆ. ಆಮೇಲೆ ಎರಡೂ ಎಂಜಿನ್‌ಗಳನ್ನು ನ್ಯೂಟ್ರಲ್‌ಗೆ ಹಾಕಿ ಸುಮ್ಮನೆ ನಿಂತು, ಬೋಟು ತಾನಾಗಿ ಅಲೆಗೆ ಹೇಗೆ ಮೈಯೊಡ್ಡುತ್ತದೆ, ಹಿಂಭಾಗದ ಡೆಕ್ಕಿಗೆ ನೀರು ಬರುತ್ತದೆಯೇ, ಬಂದದ್ದು ಎಷ್ಟು ಬೇಗ ಹೊರಹೋಗುತ್ತದೆ ಎಂದು ನೋಡಿ. ಹಿಂತುದಿ ಆರು ಸೆಂಟಿಮೀಟರ್ ಇಳಿದಿರುವ ಬೋಟಿನಲ್ಲಿ ಡೆಕ್ಕಿನ ನೀರು ಹೊರಬಿಡುವ ರಂಧ್ರಗಳೂ ಎಂಜಿನ್ ಕೋಣೆಯ ಗಾಳಿಕಿಂಡಿಗಳೂ ಅಷ್ಟೇ ಇಳಿದಿರುತ್ತವೆ.

ಹಿಂದಿನಿಂದ ಬರುವ ಅಲೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನೀವು ಅಳಿವೆಯ ಮೂಲಕ ಮನೆಗೆ ಮರಳುವವರು. ಆಳವಾದ ನೀರಿನಲ್ಲಿ 5 ಸೆಕೆಂಡ್ ಅವಧಿಯ ಅಲೆಯ ಉದ್ದ ಸುಮಾರು 39 ಮೀಟರ್, ಅದರ ವೇಗ ಸುಮಾರು 15 ನಾಟ್. ನೀವು 18 ನಾಟ್‌ನಲ್ಲಿ ಅದಕ್ಕೆ ಎದುರಾಗಿ ಹೋದರೆ ಎರಡು ಸೆಕೆಂಡಿಗೆ ಸ್ವಲ್ಪ ಮಿಕ್ಕಿ ಒಂದೊಂದು ಅಲೆ ಸಿಗುತ್ತದೆ. ಅದೇ ದಿಕ್ಕಿನಲ್ಲಿ ಹೋದರೆ ಒಂದೊಂದು ಅಲೆಯನ್ನು ದಾಟಲು 25 ಸೆಕೆಂಡಿಗೂ ಹೆಚ್ಚು ಬೇಕು. ಅಷ್ಟು ಹೊತ್ತು ಅಲೆಯ ಒಂದೇ ಮುಖದ ಮೇಲೆ ಕೂತಿರುವಾಗ ಹಿಂಭಾಗ ಪಕ್ಕಕ್ಕೆ ಜಾರತೊಡಗಿದರೆ, ಬೋಟು ಸುತ್ತಿಕೊಂಡು ಅಲೆಗೆ ಅಡ್ಡ ಬೀಳುತ್ತದೆ. ಕಡಲಿಗರು ಬ್ರೋಚ್ ಎನ್ನುವುದು ಇದನ್ನೇ.

ಒಂದೇ ಎಂಜಿನ್ನಿನಲ್ಲಿ 7 ನಾಟ್‌ನಲ್ಲಿ ಬರುವಾಗ ಪರಿಸ್ಥಿತಿ ಇನ್ನೂ ಬೇರೆ. ಆಗ ಅಲೆ ನಿಮ್ಮನ್ನು ಹಿಂದಿಕ್ಕಿ ಹೋಗುತ್ತದೆ. ಅಲೆಯ ನೆತ್ತಿಯಲ್ಲಿನ ನೀರು ಅಲೆಯ ದಿಕ್ಕಿನಲ್ಲೇ ಚಲಿಸುತ್ತಿರುತ್ತದೆ. ಒಂದೂವರೆ ಮೀಟರ್ ಎತ್ತರದ, 5 ಸೆಕೆಂಡಿನ ಅಲೆಯಲ್ಲಿ ಆ ಚಲನೆ ಸುಮಾರು 1.8 ನಾಟ್. ನೆತ್ತಿ ನಿಮ್ಮ ಹಿಂತುದಿಯಡಿ ಬಂದ ಕ್ಷಣದಲ್ಲಿ ಚುಕ್ಕಾಣಿಯ ಹಲಗೆಗೆ ಸಿಗುವುದು 7 ನಾಟ್‌ನ ಹರಿವಲ್ಲ, 5ರ ಹರಿವು. ವೇಗದ ಬೋಟುಗಳ ಚುಕ್ಕಾಣಿ ಹಲಗೆಗಳು ಮೊದಲೇ ಚಿಕ್ಕವು. ಹಿಡಿತ ತಪ್ಪುವುದು ಆ ಕ್ಷಣದಲ್ಲಿ. ಹಾಗಾಗಿ ಅಳಿವೆಯಿಂದ ದೂರದ, ವಿಶಾಲವಾದ ನೀರಿನಲ್ಲಿ, ಒಂದೊಂದೇ ಎಂಜಿನ್ ನಿಲ್ಲಿಸಿ, ಹಿಂದಿನ ಓರೆಯ ಅಲೆಯಲ್ಲಿ ಎರಡೂ ದಿಕ್ಕಿಗೆ ತಿರುಗಿಸಿ ನೋಡಿ. ಇದೊಂದನ್ನು ಬಿಡಬೇಡಿ. ಸೀಲ್‌ಗೆ ಅಡ್ಡ ಕೊಳವೆ ಇಲ್ಲವೆಂದಿರಿ, ಆದ್ದರಿಂದ ಪ್ರತಿ ಬಾರಿ ಕೆಲವೇ ನಿಮಿಷ ಸಾಕು.

ತೀರದಾಚೆ:

ಓಟ ಮುಗಿಯಿತು. ಗಾಳಿ 14 ನಾಟ್, ಅಲೆ ಒಂದು ಮೀಟರಿಗೆ ಸ್ವಲ್ಪ ಮೇಲೆ. ನಾವು ನಾಲ್ವರಿದ್ದೆವು, ಇಂಧನ ಅರ್ಧ, ನೀರು ಪೂರ್ತಿ.

ಟ್ಯಾಬ್‌ಗಳನ್ನು ಪೂರ್ತಿ ಇಳಿಸಿದರೂ 16 ನಾಟ್‌ಗಿಂತ ಕೆಳಗೆ ಬೋಟು ಮೇಲೆ ನಿಲ್ಲಲಿಲ್ಲ. 15ಕ್ಕೆ ತಂದಾಗಲೆಲ್ಲ ಹಿಂಭಾಗ ಕುಸಿದು, ಮೂತಿ ಎದ್ದು, ಮುಂದಿನ ದಿಗಂತವೇ ಮರೆಯಾಗುತ್ತಿತ್ತು. 17ರಲ್ಲಿ ಎದುರು ಅಲೆಗೆ ಹೋದಾಗ ಐದಾರು ಅಲೆಗಳಿಗೊಮ್ಮೆ ಮೂತಿ ಬಿದ್ದ ಸದ್ದಿಗೆ ಕಪಾಟಿನ ಬಾಗಿಲುಗಳು ತೆರೆದುಕೊಂಡವು, ನಮ್ಮ ತಾಯಿಯವರು ಎರಡೂ ಕೈಗಳಿಂದ ಮೇಜನ್ನು ಹಿಡಿದು ಕೂತಿದ್ದರು. ನಾನು ಓದಿದ ಆ ಹಳೆಯ ಮಾಲೀಕರ ಮಾತು ಈ ಬೋಟಿನ ಮಟ್ಟಿಗೆ ಅಕ್ಷರಶಃ ಸತ್ಯವಾಗಿತ್ತು.

ಒಡಲರೇಖೆಯವರ ಮಾತು ನೆನಪಾಗಿ, ಮಧ್ಯದಲ್ಲಿ ಒಳನೀರಿಗೆ ಮರಳಿ, ಮಾಲೀಕರ ಒಪ್ಪಿಗೆ ಪಡೆದು ರಬ್ಬರ್ ದೋಣಿಯನ್ನೂ ಅದರ ಎಂಜಿನ್ನನ್ನೂ ಇಳಿಸಿ, ಲಂಗರಿನ ಬಳಿಯಿರುವ ಕಪಾಟಿಗೆ ಹಿಂಭಾಗದ ಸಾಮಾನುಗಳನ್ನು ಸಾಗಿಸಿ ಮತ್ತೆ ಹೋದೆವು. ಕನಿಷ್ಠ ವೇಗ 14ಕ್ಕೆ ಇಳಿಯಿತು. 15ರಲ್ಲಿ ಅದೇ ಅಲೆಗಳಿಗೆ ಹೋದಾಗ ಬಡಿತ ಇತ್ತು, ಆದರೆ ಮಾತನಾಡಿಕೊಂಡು ಹೋಗುವಂತಿತ್ತು. ಮಾಲೀಕರೂ ಇದನ್ನು ಕಂಡು ಅಚ್ಚರಿಪಟ್ಟರು. ಅವರು ಈ ಬೋಟನ್ನು ಎಂದೂ ಆ ದೋಣಿಯಿಲ್ಲದೆ ಓಡಿಸಿರಲಿಲ್ಲವಂತೆ.

ಹಿಂದಿನ ಓರೆಯ ಅಲೆಯಲ್ಲಿ ಎರಡೂ ಎಂಜಿನ್ ಇದ್ದಾಗ ಚೆನ್ನಾಗಿಯೇ ನಡೆಯಿತು. ಎಡದ ಎಂಜಿನ್ ನಿಲ್ಲಿಸಿ, ಬಲದ ಎಂಜಿನ್ ಒಂದರಲ್ಲೇ ಹೋದಾಗ 6.5 ನಾಟ್ ಸಿಕ್ಕಿತು. ಎಡಕ್ಕೆ ಸುಲಭವಾಗಿ ತಿರುಗಿತು, ಬಲಕ್ಕೆ ತಿರುಗಿಸಲು ಚಕ್ರವನ್ನು ಕೊನೆಯವರೆಗೆ ತಿರುಗಿಸಿದರೂ ಅಲೆಯ ನೆತ್ತಿ ಹಾಯುವಾಗ ಮೂತಿ ಎಡಕ್ಕೇ ಸರಿಯುತ್ತಿತ್ತು, ನೆತ್ತಿ ದಾಟಿದ ಮೇಲೆಯೇ ಮಾತು ಕೇಳುತ್ತಿತ್ತು. ಫಿಲ್ಟರಿನ ಬಟ್ಟಲಿನಲ್ಲಿ ಓಟದ ನಂತರ ಸಾಸಿವೆಯಷ್ಟು ಕಪ್ಪು ಕಣಗಳು ತಳದಲ್ಲಿ ಕಂಡವು, ಮಡ್ಡಿ ಇರಲಿಲ್ಲ.

ಜನರೇಟರನ್ನು ತೆಗೆಸುವುದು, ಎರಡೂ ಇಂಧನ ಟ್ಯಾಂಕ್‌ಗಳನ್ನು ತೆರೆದು ತೊಳೆಸುವುದು, ಅಡ್ಡ ಕೊಳವೆ ಹಾಕಿಸುವುದು ಇವಿಷ್ಟನ್ನು ಮಾತುಕತೆಯಲ್ಲಿ ಸೇರಿಸಿದ್ದೇನೆ. ಅವರು ಒಪ್ಪಿದರೆ ಇನ್ನೊಂದು ಗಂಟೆ ಓಡಿಸಿ ನೋಡಿ ನಿರ್ಧರಿಸುತ್ತೇನೆ.

ಅಳಿವೆದಾರಿ:

ಆ ಗಂಟೆಯಲ್ಲಿ ಬಲದ ಎಂಜಿನ್ ನಿಲ್ಲಿಸಿ ಎಡದ್ದರಲ್ಲೇ ಓಡಿಸುವುದನ್ನೂ ಮಾಡಿ, ನೀವು ಬರೆದದ್ದರಲ್ಲಿ ಅದು ಕಾಣಲಿಲ್ಲ. ಇಂಧನದ ಟ್ಯಾಂಕನ್ನು ಪೂರ್ತಿ ತುಂಬಿಸಿಕೊಂಡೇ ಹೋಗಿ. ಟ್ಯಾಂಕ್‌ಗಳು ಎಂಜಿನ್ನಿಗಿಂತ ಹಿಂದಿದ್ದರೆ ದೋಣಿ ಇಳಿಸಿ ಗಳಿಸಿದ ಆ ಎರಡು ನಾಟ್ ಮತ್ತೆ ಕೈಬಿಡಬಹುದು. ಪಯಣದ ಮೊದಲರ್ಧದಲ್ಲಿ ನೀವು ಓಡಿಸುವುದು ಆ ಬೋಟನ್ನೇ.